ನ್ಯೂಜೆರ್ಸಿಯಲ್ಲಿ ಮನೆ ಮಾರ್ತಿದ್ದೀರಾ, ಬಾಡಿಗೆಗೆ ಕೊಡ್ತಿದ್ದೀರಾ? ಫೈರ್ ಇನ್‌ಸ್ಪೆಕ್ಷನ್‌ಗೆ ಮನೆ ರೆಡಿ ಮಾಡೋದು ಹೀಗೆ

ಊರಲ್ಲಿ ಬಾಡಿಗೆ ಮನೆ ಬಿಡೋವಾಗ ಓನರ್ರು ಸುಣ್ಣಬಣ್ಣಕ್ಕೆ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ನಮಗೆಲ್ಲ ಗೊತ್ತು, ಆದ್ರೆ ಮನೆಗೆ ಬೇರೆಯವರು ಬರೋ ಮುಂಚೆ ಫೈರ್ ಡಿಪಾರ್ಟ್‌ಮೆಂಟಿನವರು ಬಂದು ನೋಡಿ ಸರ್ಟಿಫಿಕೇಟ್ ಕೊಡ್ಬೇಕು ಅನ್ನೋದು ನ್ಯೂಜೆರ್ಸಿಗೆ ಬಂದ ಮೇಲೇ ನಾನು ಕೇಳಿದ್ದು. ಎಡಿಸನ್, ಪಾರ್ಸಿಪನಿ, ಪ್ಲೇನ್ಸ್‌ಬರೋ ಕಡೆ ಇರೋ ನಮ್ಮ ಕನ್ನಡದವರು ಮೊದಲು ತಗೊಂಡ ಟೌನ್‌ಹೌಸ್ ಮಾರಿ ದೊಡ್ಡ ಮನೆಗೆ ಹೋಗ್ತಾರೆ, ಇಲ್ಲಾ ಅದನ್ನ ಬಾಡಿಗೆಗೆ ಬಿಟ್ಟು ಹೋಗ್ತಾರೆ, ಆಗ ಎಲ್ಲರಿಗೂ ಕೊನೇ ವಾರದಲ್ಲಿ ಇದು ನೆನಪಾಗತ್ತೆ. ಅಷ್ಟೊತ್ತಿಗೆ ಕ್ಲೋಸಿಂಗ್ ಡೇಟ್, ಅಂದ್ರೆ ಮನೆ ಕೊಂಡೋರ ಹೆಸರಿಗೆ ಆಗೋ ದಿನ, ಬಂದಿರತ್ತೆ, ಅಟಾರ್ನಿ ಅಂದ್ರೆ ನಮ್ಮ ಲಾಯರ್ರು ಸರ್ಟಿಫಿಕೇಟ್ ಎಲ್ಲಿ ಅಂತ ಮೇಲ್ ಮೇಲೆ ಮೇಲ್ ಹಾಕ್ತಿರ್ತಾರೆ.

ನಿಯಮ ಇಷ್ಟೇ. ಒಂದು ಅಥವಾ ಎರಡು ಸಂಸಾರ ಇರೋ ಮನೆ, ಟೌನ್‌ಹೌಸೂ ಸೇರಿ, ಮಾರಾಟ ಆಗ್ಲಿ ಬಾಡಿಗೆ ಆಗ್ಲಿ, ಒಳಗಿರೋರು ಬದಲಾಗ್ತಾರೆ ಅಂದ್ರೆ ಹೊಸಬರು ಕಾಲಿಡೋ ಮುಂಚೆ ಮೂರು ವಿಷಯ ಸರಿ ಇದೆ ಅಂತ ಸರ್ಟಿಫಿಕೇಟ್ ಬೇಕು: ಸ್ಮೋಕ್ ಅಲಾರ್ಮು, ಕಾರ್ಬನ್ ಮೊನಾಕ್ಸೈಡ್ ಅಲಾರ್ಮು, ಬೆಂಕಿ ಆರಿಸೋ ಸಿಲಿಂಡರು ಅಂದ್ರೆ ಫೈರ್ ಎಕ್ಸ್‌ಟಿಂಗ್ವಿಷರ್ರು. ಜವಾಬ್ದಾರಿ ಓನರ್‌ದು, ಕೊಂಡ್ಕೊಳ್ಳೋರದ್ದೂ ಅಲ್ಲ ಬಾಡಿಗೆಗೆ ಬರೋರದ್ದೂ ಅಲ್ಲ. ಒಂದ್ಸಲ ಮಾಡಿಸಿದ್ವಿ ಮುಗೀತು ಅಂತಲೂ ಇಲ್ಲ, ಬಾಡಿಗೆಯವರು ಬದಲಾದಾಗೆಲ್ಲ ಮತ್ತೆ ಮಾಡಿಸ್ಬೇಕು.

ಮೊದಲು ಅರ್ಜಿ ಹಾಕಿ, ಆಮೇಲೆ ಅಂಗಡಿಗೆ ಹೋಗಿ

ನಿಮ್ಮ ಟೌನ್‌ಶಿಪ್‌ನ ಫೈರ್ ಪ್ರಿವೆನ್ಷನ್ ಬ್ಯೂರೋಗೆ ಫೋನ್ ಮಾಡಿ ಅಥವಾ ಅವರ ಫಾರ್ಮ್ ತುಂಬಿ. ಟೌನ್‌ನಲ್ಲಿ ಅಂಥ ಆಫೀಸ್ ಇಲ್ಲ ಅಂದ್ರೆ ಸ್ಟೇಟ್‌ನ ಡಿವಿಷನ್ ಆಫ್ ಫೈರ್ ಸೇಫ್ಟಿ ನೋಡ್ಕೊಳ್ಳತ್ತೆ. ಫೀ ಎಷ್ಟು ಅನ್ನೋದು ನೀವು ಎಷ್ಟು ದಿನ ಮುಂಚೆ ಅರ್ಜಿ ಹಾಕ್ತೀರಿ ಅನ್ನೋದರ ಮೇಲಿದೆ, ಹೊಸಬರು ಬರೋಕೆ ಹತ್ತಕ್ಕಿಂತ ಜಾಸ್ತಿ ಕೆಲಸದ ದಿನ ಇರೋವಾಗಲೇ ಹಾಕಿದ್ರೆ ಕಡಿಮೆ, ನಾಲ್ಕು ದಿನಕ್ಕಿಂತ ಕಡಿಮೆ ಉಳಿದಿರೋವಾಗ ಹಾಕಿದ್ರೆ ಅದರ ಎಷ್ಟೋ ಪಟ್ಟು. ಹಾಗಂತ ಆರೇಳು ತಿಂಗಳು ಮುಂಚೇನೂ ಮಾಡಿಸ್ಬೇಡಿ, ಸರ್ಟಿಫಿಕೇಟ್ ಆರು ತಿಂಗಳು ಮಾತ್ರ ನಡೆಯತ್ತೆ, ಅಷ್ಟರಲ್ಲಿ ಮನೆ ಕೈ ಬದಲಾಗಲಿಲ್ಲ ಅಂದ್ರೆ ಮತ್ತೆ ಫೀ ಮತ್ತೆ ಇನ್‌ಸ್ಪೆಕ್ಷನ್. ನನ್ನ ಪ್ರಕಾರ ಕ್ಲೋಸಿಂಗ್‌ಗೆ ಒಂದು ತಿಂಗಳು ಮುಂಚೆ ಸರಿಯಾದ ಟೈಮು, ಫೇಲ್ ಆದ್ರೂ ಸರಿ ಮಾಡಿಸಿ ಎರಡನೇ ಸಲ ಕರೆಸೋಕೆ ದಿನ ಉಳಿದಿರತ್ತೆ.

ಕೆಲವು ಟೌನ್‌ಗಳಲ್ಲಿ ಇದರ ಜೊತೆ ಬಿಲ್ಡಿಂಗ್ ಡಿಪಾರ್ಟ್‌ಮೆಂಟಿಂದ ಬೇರೆ ಆಕ್ಯುಪೆನ್ಸಿ ಸರ್ಟಿಫಿಕೇಟೂ, ಅಂದ್ರೆ ಮನೆ ವಾಸಕ್ಕೆ ಸರಿ ಇದೆ ಅನ್ನೋ ಕಾಗದವೂ, ಕೇಳ್ತಾರೆ, ಅದು ಬೇರೆ ಕಾಗದ ಬೇರೆ ಇನ್‌ಸ್ಪೆಕ್ಟರು. ಎರಡನ್ನೂ ಒಂದೇ ಅಂದ್ಕೊಂಡು ಒಂದನ್ನೇ ಮಾಡಿಸಿ ಕೂತೋರನ್ನ ನೋಡಿದೀನಿ, ಅದಕ್ಕೇ ಫೋನ್ ಮಾಡಿದಾಗ ಎರಡನ್ನೂ ಕೇಳ್ಬಿಡಿ.

ಸ್ಮೋಕ್ ಅಲಾರ್ಮು: ಬೀಪ್ ಬಂದ್ರೆ ಸಾಲದು

ಜಾಸ್ತಿ ಜನ ಎಡವೋದು ಇಲ್ಲೇ, ನಾನೂ ಎಡವಿದ್ದು ಇಲ್ಲೇ. ನಮ್ಮ ಟೌನ್‌ಹೌಸ್ ಬಾಡಿಗೆಗೆ ಕೊಡೋ ಮುಂಚೆ ಇನ್‌ಸ್ಪೆಕ್ಟರ್ ಬಂದಿದ್ರು, ಹಿಂದಿನ ದಿನ ನಾನೇ ಮನೆಯೆಲ್ಲ ಸುತ್ತಿ ಎಲ್ಲಾ ಅಲಾರ್ಮ್ ಬಟನ್ ಒತ್ತಿ ನೋಡಿದ್ದೆ, ಎಲ್ಲವೂ ಕೂಗಿದ್ವು, ಸಮಾಧಾನವಾಗಿ ಮಲಗಿದ್ದೆ. ಅವರು ಬಂದವರು ಬೆಡ್‌ರೂಮ್ ಪ್ಯಾಸೇಜ್‌ನಲ್ಲಿದ್ದ ಅಲಾರ್ಮನ್ನ ಎಡಕ್ಕೆ ತಿರುಗಿಸಿ ಬಿಚ್ಚಿ, ಹಿಂಭಾಗ ನನ್ನ ಕಡೆ ಹಿಡಿದ್ರು. ಮುಂಭಾಗ ಹಾಲಿನ ಹಾಗೆ ಬೆಳ್ಳಗಿತ್ತು, ಹಿಂದೆ ಪುಟ್ಟ ಚೀಟಿಯಲ್ಲಿ ತಯಾರಾದ ತಾರೀಖು ಇತ್ತು, ಲೆಕ್ಕ ಹಾಕಿದ್ರೆ ಹನ್ನೊಂದು ವರ್ಷ ಆಗಿತ್ತು. ಬೀಪ್ ಬಂತಲ್ಲ ಸರ್ ಅಂದೆ. ಬಟನ್ ಒತ್ತಿದ್ರೆ ಹಾರ್ನು, ಬ್ಯಾಟರಿ, ಸರ್ಕ್ಯೂಟು ಸರಿ ಇದೆ ಅಂತ ಗೊತ್ತಾಗತ್ತೆ, ಹೊಗೆ ಹಿಡಿಯೋ ಸೆನ್ಸರ್ ಹಳೇದಾಗಿ ಮಂದ ಆಗಿರೋದು ಅದರಿಂದ ಗೊತ್ತಾಗಲ್ಲ ಅಂದ್ರು. ಆ ಅಲಾರ್ಮಿನ ಕೆಳಗೆ ನನ್ನ ಮಕ್ಕಳು ಅಷ್ಟು ದಿನ ಮಲಗಿದ್ರಲ್ಲ ಅಂತ ಅವತ್ತು ನನಗೆ ಫೇಲ್ ಆದ ಬೇಜಾರಿಗಿಂತ ಜಾಸ್ತಿ ಅನಿಸಿದ್ದು ಅದು.

ಹಾಗಾಗಿ ಏಣಿ ತಗೊಂಡು ಒಂದೊಂದೇ ಅಲಾರ್ಮ್ ಬಿಚ್ಚಿ ಹಿಂದಿನ ತಾರೀಖು ನೋಡಿ. ತಯಾರಾಗಿ ಹತ್ತು ವರ್ಷ ದಾಟಿದ್ರೆ, ಕರೆಂಟ್‌ಗೆ ಕನೆಕ್ಟ್ ಆಗಿರೋದಾದ್ರೂ ಸರಿ, ಬದಲಾಯಿಸ್ಬೇಕು. ನೀವು ಗೋಡೆಗೆ ಹಾಕಿದ ದಿನ ಲೆಕ್ಕಕ್ಕೆ ಬರಲ್ಲ, ಫ್ಯಾಕ್ಟರಿಯಲ್ಲಿ ತಯಾರಾದ ದಿನವೇ ಲೆಕ್ಕ. ಅಂಗಡಿಯಲ್ಲಿ ಹೊಸದು ತಗೊಳ್ಳೋವಾಗಲೂ ಇದನ್ನೇ ನೋಡಿ.

ಬರೀ ಬ್ಯಾಟರಿಯಲ್ಲಿ ನಡೆಯೋ ಅಲಾರ್ಮ್ ಇದ್ರೆ 2019ರ ಜನವರಿ 1ರಿಂದ ಹತ್ತು ವರ್ಷದ ಸೀಲ್ಡ್ ಬ್ಯಾಟರಿ ಇರೋದೇ ಆಗ್ಬೇಕು, ಅಂದ್ರೆ ಬ್ಯಾಟರಿ ಹೊರಗೆ ತೆಗೆಯೋಕೇ ಆಗಬಾರದು. ಹಳೇ ಥರ ಒಂಬತ್ತು ವೋಲ್ಟ್ ಚೌಕದ ಬ್ಯಾಟರಿ ಹಾಕೋದು ಪಾಸ್ ಆಗಲ್ಲ. ಮನೆ ಕಟ್ಟಿದಾಗಲೇ ವೈರ್ ಎಳೆದು ಕರೆಂಟ್ ಅಲಾರ್ಮ್ ಹಾಕಿದ್ರೆ ಅದರ ಜಾಗಕ್ಕೆ ಬ್ಯಾಟರಿದು ಹಾಕೋ ಹಾಗಿಲ್ಲ, ವೈರ್ ಇರೋ ಅಂಥದ್ದೇ ಹಾಕ್ಬೇಕು. ಅದರೊಳಗಿರೋ ಬ್ಯಾಕಪ್ ಬ್ಯಾಟರಿ ಮಾತ್ರ ಸೀಲ್ಡ್ ಆಗಿರ್ಬೇಕು ಅಂತೇನಿಲ್ಲ.

ಎಲ್ಲೆಲ್ಲಿ ಇರ್ಬೇಕು ಅಂದ್ರೆ ಪ್ರತಿ ಫ್ಲೋರ್‌ನಲ್ಲಿ ಒಂದು, ಬೇಸ್‌ಮೆಂಟೂ ಸೇರಿ, ಮತ್ತೆ ಪ್ರತಿ ಮಲಗೋ ಜಾಗದ ಹೊರಗೆ ಹತ್ತು ಅಡಿ ಒಳಗೆ ಒಂದು. ಬೆಡ್‌ರೂಮ್‌ಗಳೆಲ್ಲ ಒಂದೇ ಪ್ಯಾಸೇಜ್‌ಗೆ ಬಾಗಿಲು ತೆಗೆಯೋ ಹಾಗಿದ್ರೆ ಒಂದೇ ಅಲಾರ್ಮ್ ಸಾಕಾಗಬಹುದು, ಆದ್ರೆ ಟೇಪ್ ಹಿಡಿದು ಪ್ರತಿ ಬಾಗಿಲಿಂದ ಅಳೆದು ನೋಡಿ, ಕಣ್ಣಂದಾಜು ಬೇಡ. ಕೆಳಗಡೆ ಅಪ್ಪ ಅಮ್ಮ ಬಂದಾಗ ಮಲಗೋ ರೂಮ್ ಇದ್ಯಲ್ಲ, ಅದರ ಹೊರಗೂ ಬೇಕು, ಇದನ್ನ ಎಲ್ಲರೂ ಮರೀತಾರೆ. ಗೋಡೆಗೆ ಹಾಕೋದಾದ್ರೆ ಸೀಲಿಂಗ್‌ನಿಂದ ಹನ್ನೆರಡು ಇಂಚಿನ ಒಳಗಿರಲಿ, ಹೊಗೆ ಮೇಲಕ್ಕೇ ಹೋಗಿ ತುಂಬ್ಕೊಳ್ಳೋದು. ಬಾತ್‌ರೂಮ್ ಬಾಗಿಲಿಂದ ಮೂರಡಿ ದೂರ ಇರಲಿ, ಇಲ್ಲಾಂದ್ರೆ ಬಿಸಿನೀರಿನ ಹಬೆಗೇ ಕೂಗತ್ತೆ.

ಒಗ್ಗರಣೆ ಹೊಗೆ ಮತ್ತೆ ಪ್ಲಾಸ್ಟಿಕ್ ಕವರು

ಇದನ್ನ ಸ್ವಲ್ಪ ಬಿಡಿಸಿ ಹೇಳ್ಲೇಬೇಕು. ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ತಕ್ಷಣ ಅಲಾರ್ಮ್ ಕೂಗತ್ತೆ, ಮಗು ಎದ್ದು ಅಳತ್ತೆ, ಒಬ್ಬರು ಟವೆಲ್ ಬೀಸ್ತಾರೆ ಇನ್ನೊಬ್ಬರು ಕಿಟಕಿ ತೆಗೀತಾರೆ, ಆಮೇಲೆ ಒಂದು ದಿನ ಯಾರೋ ಬೇಸತ್ತು ಬ್ಯಾಟರಿ ತೆಗೆದು ಡ್ರಾಯರ್‌ಗೆ ಹಾಕ್ತಾರೆ ಇಲ್ಲಾ ಅಲಾರ್ಮ್‌ಗೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕ್ತಾರೆ. ಗೃಹಪ್ರವೇಶದ ಹೋಮದ ದಿನ ಕಟ್ಟಿದ ಕವರು ವರ್ಷ ಕಳೆದ್ರೂ ಹಾಗೇ ಇದ್ದ ಮನೆ ನೋಡಿದೀನಿ. ದಯವಿಟ್ಟು ಹೀಗೆ ಮಾಡ್ಬೇಡಿ. ಅಮೆರಿಕದಲ್ಲಿ ಮನೆಗಳಿಗೆ ಬೆಂಕಿ ಬೀಳೋದಕ್ಕೆ ಮೊದಲನೇ ಕಾರಣವೇ ಅಡುಗೆ, ಅಲ್ಲೇ ಅಲಾರ್ಮ್ ಬಾಯಿ ಕಟ್ಟಿದ್ರೆ ಹೇಗೆ?

ದಾರಿ ಇದೆ. ಒಲೆಯಿಂದ ಹತ್ತು ಅಡಿ ದೂರಕ್ಕೆ ಅಲಾರ್ಮ್ ಸರಿಸಿ, ಮತ್ತೆ ಬಾಕ್ಸ್ ಮೇಲೆ ಫೋಟೋಎಲೆಕ್ಟ್ರಿಕ್ ಅಂತ ಬರೆದಿರೋದನ್ನ ಆರಿಸ್ಕೊಳ್ಳಿ. ಅಯೊನೈಸೇಷನ್ ಅನ್ನೋ ಇನ್ನೊಂದು ಬಗೆ ಅಡುಗೆ ಹೊಗೆಗೆ ಬೇಗ ಕೂಗತ್ತೆ, ಫೋಟೋಎಲೆಕ್ಟ್ರಿಕ್ ಅಷ್ಟು ಕಾಟ ಕೊಡಲ್ಲ, ಸೋಫಾ ಹಾಸಿಗೆ ಒಳಗೊಳಗೇ ಹೊಗೆಯಾಡೋ ಥರದ ಬೆಂಕಿಯನ್ನ ಬೇಗ ಹಿಡಿಯತ್ತೆ. ಹಷ್ ಬಟನ್ ಇರೋದು ತಗೊಂಡ್ರೆ ಒತ್ತಿದ ಮೇಲೆ ಕೆಲವು ನಿಮಿಷ ಸುಮ್ಮನಿದ್ದು ತಾನೇ ಮತ್ತೆ ಎಚ್ಚರ ಆಗತ್ತೆ.

ಇನ್ನೊಂದು, ಮನೆ ಮಾರೋ ಮುಂಚೆ ಪೇಂಟ್ ಮಾಡಿಸ್ತೀವಲ್ಲ, ಪೇಂಟರ್‌ಗಳು ಅಲಾರ್ಮ್ ಮೇಲೇ ರೋಲರ್ ಓಡಿಸಿಬಿಡ್ತಾರೆ. ಬಣ್ಣ ಬಿದ್ದ ಅಲಾರ್ಮ್‌ನ ತೂತುಗಳು ಮುಚ್ಚಿಹೋಗಿರತ್ತೆ, ಅದನ್ನ ಒರೆಸಿ ಉಪಯೋಗಿಸೋಕೆ ಹೋಗ್ಬೇಡಿ, ಹೊಸದೇ ಹಾಕಿ. ಪೇಂಟಿಂಗ್ ಮುಗಿದ ಮೇಲೇ ಹೊಸ ಅಲಾರ್ಮ್ ಹಾಕೋದು ಇನ್ನೂ ಒಳ್ಳೇದು.

ಕಾರ್ಬನ್ ಮೊನಾಕ್ಸೈಡ್

ಈ ಗಾಳಿಗೆ ಬಣ್ಣ ಇಲ್ಲ ವಾಸನೆ ಇಲ್ಲ. ಮನೆ ಬೆಚ್ಚಗೆ ಮಾಡೋ ಗ್ಯಾಸ್ ಫರ್ನೆಸ್ಸು, ಗ್ಯಾಸ್ ವಾಟರ್ ಹೀಟರು, ಮನೆಗೆ ಅಂಟಿದ ಗರಾಜ್‌ನಲ್ಲಿ ಆನ್ ಆಗಿ ನಿಂತ ಕಾರು, ಇವುಗಳಿಂದ ಬರತ್ತೆ, ಮಲಗಿದ್ದೋರಿಗೆ ಗೊತ್ತೇ ಆಗಲ್ಲ. ಅದಕ್ಕೇ ಇದರ ಅಲಾರ್ಮೂ ಪ್ರತಿ ಮಲಗೋ ಜಾಗದ ಹತ್ತಿರ, ಹತ್ತು ಅಡಿ ಒಳಗೆ ಇರ್ಬೇಕು. ಬೇಸ್‌ಮೆಂಟ್‌ನಲ್ಲಿ ಫರ್ನೆಸ್ ಪಕ್ಕ ಒಂದು ಹಾಕಿ ಆಯ್ತು ಅಂದ್ಕೊಳ್ಳೋದು ತಪ್ಪು. ಪ್ಲಗ್‌ಗೆ ಸಿಕ್ಕಿಸೋದಾದ್ರೂ ನಡೆಯತ್ತೆ, ಆದ್ರೆ ಮಂಚದ ಹಿಂದಿನ ಪ್ಲಗ್‌ನಲ್ಲಿ ಮುಚ್ಚಿಟ್ಟಿರೋದು ಬೇಡ. ಸ್ಮೋಕ್ ಮತ್ತೆ ಕಾರ್ಬನ್ ಮೊನಾಕ್ಸೈಡ್ ಎರಡೂ ಒಂದರಲ್ಲೇ ಇರೋದೂ ಸಿಗತ್ತೆ. ಇದಕ್ಕೂ ಆಯಸ್ಸು ಇದೆ, ಮಾಡೆಲ್ ಮೇಲೆ ಐದು, ಏಳು, ಹತ್ತು ವರ್ಷ, ಹಿಂಭಾಗದಲ್ಲಿ ಬರೆದಿರತ್ತೆ.

ಸದ್ದು ಗುರುತಿಟ್ಕೊಳ್ಳಿ, ಮನೆಯಲ್ಲಿ ಎಲ್ಲರಿಗೂ ಹೇಳಿ: ಮೂರು ಬೀಪ್, ಗ್ಯಾಪು, ಮತ್ತೆ ಮೂರು ಬೀಪ್ ಅಂದ್ರೆ ಹೊಗೆ. ನಾಲ್ಕು ಬೀಪ್, ಗ್ಯಾಪು, ಮತ್ತೆ ನಾಲ್ಕು ಅಂದ್ರೆ ಕಾರ್ಬನ್ ಮೊನಾಕ್ಸೈಡ್, ಕಿಟಕಿ ತೆಗೀತಾ ನಿಲ್ಲದೆ ಹೊರಗೆ ಬಂದು 911ಕ್ಕೆ ಫೋನ್ ಮಾಡ್ಬೇಕು. ನಿಮಿಷಕ್ಕೊಂದು ಸಲ ಒಂದೇ ಒಂದು ಸಣ್ಣ ಬೀಪ್ ಬಂದ್ರೆ ಬ್ಯಾಟರಿ ಮುಗೀತು ಇಲ್ಲಾ ಆಯಸ್ಸು ಮುಗೀತು ಅಂತ.

ಎಕ್ಸ್‌ಟಿಂಗ್ವಿಷರ್ರು

2005ರ ನವೆಂಬರ್‌ನಿಂದ ಇದೂ ಕಡ್ಡಾಯ. ಅಂಗಡಿಯಲ್ಲಿ ಅಗ್ಗವಾಗಿ ಸಿಗೋ ಪುಟ್ಟದನ್ನ ತಂದು ಫೇಲ್ ಆಗೋರೇ ಜಾಸ್ತಿ, ಯಾವ ಥರದ, ಎಷ್ಟು ದೊಡ್ಡ ಬೆಂಕಿ ಆರಿಸತ್ತೆ ಅನ್ನೋ ರೇಟಿಂಗ್ ಅದರ ಮೇಲೆ 1ಎ:10ಬಿ:ಸಿ ಅಂತಲೋ 5ಬಿ:ಸಿ ಅಂತಲೋ ಇರತ್ತೆ. ನಿಮಗೆ ಬೇಕಾಗಿರೋದು ಕಡೇಪಕ್ಷ 2ಎ:10ಬಿ:ಸಿ. ತೂಕ ಹತ್ತು ಪೌಂಡ್ ಮೀರಬಾರದು. ಅಡುಗೆಮನೆಯಿಂದ ಹತ್ತು ಅಡಿ ಒಳಗೆ, ಮನೆಯಿಂದ ಹೊರಗೆ ಓಡೋ ದಾರಿಯಲ್ಲಿ, ಕಣ್ಣಿಗೆ ಕಾಣೋ ಹಾಗೆ ಗೋಡೆಗೆ ಬ್ರಾಕೆಟ್ ಹೊಡೆದು ನೇತುಹಾಕ್ಬೇಕು, ಅದರ ತಲೆ ನೆಲದಿಂದ ಐದು ಅಡಿಗಿಂತ ಮೇಲೆ ಹೋಗಬಾರದು. ಸಿಂಕ್ ಕೆಳಗೆ ಇಟ್ಟಿದೀನಿ, ಪ್ಯಾಂಟ್ರಿಯಲ್ಲಿ ಅಕ್ಕಿ ಚೀಲದ ಪಕ್ಕ ಇದೆ ಅನ್ನೋದೆಲ್ಲ ಒಪ್ಪಲ್ಲ. ಒಲೆಯ ಹಿಂದೆಯೋ ಪಕ್ಕದಲ್ಲೋ ಕೂಡ ಹಾಕ್ಬೇಡಿ, ಒಲೆಗೇ ಬೆಂಕಿ ಹತ್ತಿದ್ರೆ ಅದನ್ನ ದಾಟಿ ಹೋಗಿ ತೆಗೆಯೋಕಾಗಲ್ಲ.

ಹೊಸದಾಗಿ ತಗೊಂಡಿದ್ರೆ ಬಿಲ್ ಇಟ್ಕೊಂಡಿರಿ, ಹಳೇದಾದ್ರೆ ಹನ್ನೆರಡು ತಿಂಗಳ ಒಳಗೆ ಲೈಸೆನ್ಸ್ ಇರೋರ ಹತ್ರ ಸರ್ವಿಸ್ ಮಾಡಿಸಿ ಟ್ಯಾಗ್ ಹಾಕಿಸ್ಬೇಕು. ಹೊಸದು ತಗೊಳ್ಳೋದೇ ವಾಸಿ. ಜೊತೆಗೆ ಬಂದ ಪುಸ್ತಕ ಎಸೆಯಬೇಡಿ, ಅದೂ ಮನೆಯಲ್ಲಿರ್ಬೇಕು. ಮುಖ್ಯವಾದ ಮಾತು, ಪ್ಯಾಕಿಂಗ್ ದಿನ ಮೂವರ್ಸ್‌ಗೆ ಇದನ್ನ ಮುಟ್ಟಬೇಡಿ ಅಂತ ಹೇಳಿ, ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ಕುಕ್ಕರು ಬಾಣಲೆ ಜೊತೆ ಇದೂ ಡಬ್ಬಿಗೆ ಹೋಗಿ, ಇನ್‌ಸ್ಪೆಕ್ಟರ್ ಬಂದಾಗ ಖಾಲಿ ಬ್ರಾಕೆಟ್ ಮಾತ್ರ ಗೋಡೆಯಲ್ಲಿತ್ತು.

ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದ್ರೆ ಮಾತ್ರ ನೀರು ಹಾಕ್ಲೇಬೇಡಿ. ಉರಿ ಆರಿಸಿ, ದೊಡ್ಡ ಮುಚ್ಚಳ ಪಕ್ಕದಿಂದ ಜಾರಿಸಿ ಮುಚ್ಚಿ, ತಣ್ಣಗಾಗೋವರೆಗೂ ತೆಗೀಬೇಡಿ. ಚಕ್ಲಿ ಪೂರಿ ಕರಿಯೋವಾಗ ಮುಚ್ಚಳ ಕೈಗೆ ಸಿಗೋ ಹಾಗಿರಲಿ.

ಇನ್‌ಸ್ಪೆಕ್ಟರ್ ಬರೋ ದಿನ

ದೊಡ್ಡವರು ಒಬ್ಬರು ಮನೆಯಲ್ಲಿರ್ಬೇಕು, ಎಲ್ಲಾ ರೂಮಿನ ಬಾಗಿಲು ತೆಗೆದಿರಲಿ. ಮನೆ ಖಾಲಿ ಮಾಡಿದೀವಿ ಅಂತ ಕರೆಂಟ್ ಕಟ್ ಮಾಡಿಸ್ಬಿಟ್ಟಿರಬೇಡಿ, ವೈರ್ ಇರೋ ಅಲಾರ್ಮ್ ಟೆಸ್ಟ್ ಮಾಡೋಕೆ ಕರೆಂಟ್ ಬೇಕು. ಪ್ಯಾಕ್ ಮಾಡಿದ ಡಬ್ಬಿಗಳನ್ನ ಮೆಟ್ಟಿಲ ಬುಡದಲ್ಲೂ ಎಕ್ಸ್‌ಟಿಂಗ್ವಿಷರ್ ಮುಂದೂ ಒಟ್ಟಬೇಡಿ. ಮನೆ ನಂಬರ್ ರಸ್ತೆಯಿಂದ ಕಾಣ್ತಿದ್ಯಾ ನೋಡಿ, ಎಷ್ಟೋ ಟೌನ್‌ಗಳಲ್ಲಿ ಅದನ್ನೂ ನೋಡ್ತಾರೆ, ಫೈರ್ ಟ್ರಕ್ ರಾತ್ರಿ ಮನೆ ಹುಡುಕಬೇಕಲ್ಲ. ಬೇಸ್‌ಮೆಂಟ್‌ನಲ್ಲಿ ಹಾಸಿಗೆ ಹಾಕಿದ್ರೆ ಅಲ್ಲಿ ಯಾರು ಮಲಗ್ತಾರೆ ಅಂತ ಕೇಳ್ತಾರೆ, ತಪ್ಪಿಸ್ಕೊಂಡು ಹೊರಗೆ ಬರೋಕೆ ಸರಿಯಾದ ಕಿಟಕಿಯೋ ಬಾಗಿಲೋ ಇಲ್ಲದ ಬೇಸ್‌ಮೆಂಟನ್ನ ಬೆಡ್‌ರೂಮ್ ಅಂತ ಯಾರಿಗೂ ಬಾಡಿಗೆಗೆ ಕೊಡ್ಬೇಡಿ. ಇನ್‌ಸ್ಪೆಕ್ಷನ್ ಇಲ್ಲದಿದ್ರೂ ನಾನು ಇದನ್ನೇ ಹೇಳ್ತಿದ್ದೆ.

ಪಾಸ್ ಆದ್ರೆ ಸರ್ಟಿಫಿಕೇಟ್ ಫೋಟೋ ತೆಗೆದು ಅಟಾರ್ನಿಗೆ ಕಳಿಸಿ, ಒರಿಜಿನಲ್ ಫೈಲ್‌ನಲ್ಲಿಡಿ. ಫೇಲ್ ಆದ್ರೆ ಏನು ಸರಿ ಮಾಡ್ಬೇಕು ಅಂತ ಬರೆದುಕೊಡ್ತಾರೆ, ಅದನ್ನ ಮುಗಿಸಿ ಮತ್ತೆ ಕರೀಬೇಕು. ನನ್ನ ಎರಡನೇ ಇನ್‌ಸ್ಪೆಕ್ಷನ್ ಹತ್ತು ನಿಮಿಷಕ್ಕೆ ಮುಗೀತು.

ನಮ್ಮ ಮನೆಗೆ ಬಾಡಿಗೆಗೆ ಬಂದದ್ದು ಮೂರು ವರ್ಷದ ಹುಡುಗಿ ಇದ್ದ ಸಂಸಾರ. ಕೀ ಕೊಡೋ ದಿನ ಅವರನ್ನ ಕರ್ಕೊಂಡು ಮನೆಯೆಲ್ಲ ಸುತ್ತಿ, ಪ್ಯಾಸೇಜ್ ಅಲಾರ್ಮ್ ಬಟನ್ ಒತ್ತಿ ಸದ್ದು ಕೇಳಿಸಿ, ಎಕ್ಸ್‌ಟಿಂಗ್ವಿಷರ್ ಪಿನ್ ಹೇಗೆ ಎಳೆಯೋದು ತೋರಿಸಿ, ಪುಸ್ತಕವನ್ನ ಅಡುಗೆಮನೆಯ ಮೇಲಿನ ಡ್ರಾಯರ್‌ನಲ್ಲಿಟ್ಟೆ. ಆ ಹುಡುಗಿ ಸದ್ದಿಗೆ ಕಿವಿ ಮುಚ್ಕೊಂಡು ಅಮ್ಮನ ಕಾಲು ಹಿಡ್ಕೊಂಡ್ಲು, ಆಮೇಲೆ ಇನ್ನೊಂದ್ಸಲ ಒತ್ತಿ ಅಂಕಲ್ ಅಂದ್ಲು, ಒತ್ತಿದೆ.