ಕಿತ್ತು ಹೊತ್ತೊಯ್ಯುವ ಬೇಲಿ: ತಾಳವಾಡಿಯಲ್ಲಿ ನನ್ನ ಅನುಭವ

ಮರ ಕಡಿದ ಜಾಗದ ಚಿಗುರನ್ನು ಜಿಂಕೆಯಿಂದ ಕಾಯಲು ಬೇಲಿ ಹಾಕಿದಾಗ ನಕ್ಕವರು ಕಮ್ಮಿ. ಅದನ್ನು ಕೀಳುತ್ತೇನೆ ಅಂದಾಗ ಊರೇ ನಕ್ಕಿತು. "70 ಸಾವಿರ ಸುರ್ದು ಹಾಕಿದ ಬೇಲಿಯ ನಾಕೇ ವರ್ಷಕ್ಕೆ ಕೀಳ್ತಿಯಲ್ಲ ಮಗ, ಜಿಂಕ ಬುಟ್ಟಾವಾ?" ಅಂದರು ದೊಡ್ಡಪ್ಪ. ಕಿತ್ತು ಈಗ ಮೂರು ವರ್ಷ. ಬೇಲಿ ಇಲ್ಲ, ಹೊನ್ನೆ ಇದೆ, ಬೀಟೆ ಇದೆ, ದಿಂಡಿಗ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತಮಿಳುನಾಡಿನ ತಾಳವಾಡಿಯಲ್ಲಿ, ಸತ್ಯಮಂಗಲ ಹುಲಿ ಕಾಡಿಗೆ ಅಂಟಿಕೊಂಡ ಪಟ್ಟಾ ಜಮೀನು. ಮೇಲಿನ ಮೂರು ಎಕರೆ ರಾಗಿಗೂ ಒಗ್ಗದ ಕಲ್ಲುಭೂಮಿ. ಅಪ್ಪ ಹಾಕಿದ ತೇಗ, ಜೊತೆಗೆ ತಾನಾಗಿ ಬಂದ ಹೊನ್ನೆ, ದಿಂಡಿಗ. 2016ರಲ್ಲಿ ತಂಗಿ ಮದುವೆಗೆ ದುಡ್ಡು ಬೇಕಿತ್ತು. ಅನುಮತಿ ಕಾಗದ ಮಾಡಿಸಿ ಒಂದು ಎಕರೆ ಕಡಿಸಿದೆ. ಬುಡ ಚಿಗುರುತ್ತದೆ, ಕಾಡು ತಾನೇ ಮೇಲೇಳುತ್ತದೆ ಅಂತ ನನ್ನ ಲೆಕ್ಕ.

ಚಿಗುರಿತು. ಜಿಂಕೆ ತಿಂದವು. ಮತ್ತೆ ಚಿಗುರಿತು, ಮತ್ತೆ ತಿಂದವು. ಎರಡು ಮಳೆಗಾಲ ಕಳೆದರೂ ಹೊನ್ನೆ ಬುಡ ಮೊಣಕಾಲು ದಾಟಲಿಲ್ಲ, ಪೊರಕೆಯ ಹಾಗೆ ಕವಲೊಡೆದು ಕೂತಿತು. ತೇಗದ ಎಲೆ ಜಿಂಕೆಗೆ ಅಷ್ಟು ರುಚಿಸುವುದಿಲ್ಲ. ಆದರೆ ಗಂಡುಗಳು ಕೊಂಬು ಉಜ್ಜಿ ಸಿಪ್ಪೆ ಸುಲಿದು ಹಾಕಿದವು. ಯಾರೂ ಮುಟ್ಟದ ಲಂಟಾನ ಮಾತ್ರ ಸಲೀಸಾಗಿ ಹಬ್ಬಿತು.

ಮಾಡದ ಪ್ರಯತ್ನ ಇಲ್ಲ. ಹಳೇ ಸೀರೆ ಕಟ್ಟಿದೆ, ಎರಡು ತಿಂಗಳು ಹೆದರಿದವು, ಅಷ್ಟೇ. ಕೊಳೆತ ಮೊಟ್ಟೆಯ ನೀರು ಹೊಡೆದೆ. ನಿಜವಾಗಿ ಕೆಲಸ ಮಾಡುತ್ತದೆ, ಒಂದು ಜೋರು ಮಳೆ ಬರುವ ತನಕ. ಮೂರೆಳೆ ಮುಳ್ಳುತಂತಿಗೆ ಸುಮಾರು 20 ಸಾವಿರ ಹೋಯಿತು. ಒಂದು ಬೆಳಗ್ಗೆ ಹೋಗಿ ನೋಡಿದರೆ ಕೆಳಗಿನ ಎಳೆಯ ಮುಳ್ಳಿಗೆ ಕೆಂಚು ಕೂದಲು ಸಿಕ್ಕಿಕೊಂಡಿದೆ. ನನ್ನ ಜೊತೆ ಕೆಲಸಕ್ಕೆ ಬರುವ ಸೋಲಿಗರ ತಾತ ಅದನ್ನು ಬೆರಳಲ್ಲಿ ಬಿಡಿಸಿ ತೋರಿಸಿ, "ಜಿಂಕ ಹಾರಕ್ಕಿಂತ ಮೊದ್ಲು ತೂರಕ್ಕೆ ನೋಡ್ತದ ಕಣಪ್ಪ" ಅಂದರು. ನಾನು ಎತ್ತರದ ಚಿಂತೆಯಲ್ಲಿದ್ದೆ, ಅವು ಕೆಳಗಿಂದ ಬರುತ್ತಿದ್ದವು.

ಅಗ್ಗ ಅಂತ ಮೀನಿನ ಬಲೆಯನ್ನೂ ಸುತ್ತಿದೆ. ಆ ತಪ್ಪು ಯಾರೂ ಮಾಡಬೇಡಿ. ಒಂದು ಗಂಡು ಜಿಂಕೆ ಕೊಂಬು ಸಿಕ್ಕಿಸಿಕೊಂಡು ಒದ್ದಾಡುತ್ತಿತ್ತು. ಅದರ ಮುಖದ ಮೇಲೆ ಗೋಣಿಚೀಲ ಹಾಕಿ ಕುಡುಗೋಲಲ್ಲಿ ಬಲೆ ಕತ್ತರಿಸಿ ಬಿಡಿಸುವಷ್ಟರಲ್ಲಿ ನನ್ನ ಕೈಕಾಲು ನಡುಗುತ್ತಿತ್ತು. ಅದು ಸತ್ತಿದ್ದರೆ ಪಾಪ ಬೇರೆ, ಕೇಸು ಬೇರೆ. ಅವತ್ತೇ ಇಡೀ ಬಲೆ ಕಿತ್ತೆ.

2018ರ ಮುಂಗಾರಿಗೆ ಮೊದಲು ಸರಿಯಾದ ಬೇಲಿ ಹಾಕಿದೆ. 5 ಅಡಿಯ ಚೈನ್‌ಲಿಂಕ್ (ಹೆಣೆದ ತಂತಿ ಜಾಲರಿ), ಅದರ ಮೇಲೆ 7 ಅಡಿವರೆಗೆ ಎರಡೆಳೆ ತಂತಿ. ಬುಡ ಅರ್ಧ ಅಡಿ ಮಣ್ಣೊಳಗೆ. ಎಕರೆ ಸುತ್ತ 850 ಅಡಿ ಬಂತು. ಕಂಬಕ್ಕೆ ಬದುವಿನ ನೀಲಗಿರಿ ಕಡಿದೆ, ಬುಡ ಸುಟ್ಟು ಹಳೇ ಎಂಜಿನ್ ಆಯಿಲ್ ಬಳಿದೆ. ಗೆದ್ದಲಿಗೆ ನಾಲ್ಕು ವರ್ಷ ತಡೆದರೆ ಸಾಕಿತ್ತು. ಕೂಲಿ ಸೇರಿ 70 ಸಾವಿರದ ಆಚೀಚೆ. ಆನೆ ದಾರಿಗೆ ಅಡ್ಡ ಹಾಕಲಿಲ್ಲ. ಪಡುವಲ ಮೂಲೆಯಲ್ಲಿ 30 ಅಡಿ ಜಾಗ ಬಿಟ್ಟುಕೊಟ್ಟೆ. ಆನೆ ಇವತ್ತಿಗೂ ಅಲ್ಲೇ ಹೋಗುತ್ತದೆ, ಬೇಲಿಗೆ ಕೈ ಹಾಕಿದ್ದು ಒಂದೇ ಸಲ. ತಿಂದು ತಿಂದು ಹಾಳಾದ ಬುಡಗಳನ್ನೆಲ್ಲ ಮತ್ತೆ ನೆಲಮಟ್ಟಕ್ಕೆ ಓರೆಯಾಗಿ ಕತ್ತರಿಸಿದೆ. ಮರುವರ್ಷ ಬುಡಕ್ಕೆ ಒಂದೇ ಕವಲು ಉಳಿಸಿದೆ.

ಮೊದಲ ವರ್ಷವೇ ಒಳಗೆ ಹೊನ್ನೆ ತುದಿಗಳು ಮುರಿದಿದ್ದವು. ಊರವರು "ನೋಡು, ಜಿಂಕೆ ನುಗ್ಗಿದೆ" ಅಂದರು. ಬಗ್ಗಿ ನೋಡಿದೆ. ಜಿಂಕೆಗೆ ಮೇಲಿನ ಮುಂಹಲ್ಲು ಇಲ್ಲ, ಎಳೆದು ಹರಿಯುತ್ತದೆ, ತುದಿಯಲ್ಲಿ ನಾರು ನೇತಾಡುತ್ತದೆ. ಇದು ಬ್ಲೇಡಲ್ಲಿ ಓರೆಯಾಗಿ ಕೊಯ್ದ ಹಾಗಿತ್ತು. ಮೊಲ! ಎಳೆ ಗಿಡದ ಬುಡಕ್ಕೆ ಕಾರೆ ಮುಳ್ಳು ಇಟ್ಟ ಮೇಲೆ ನಿಂತಿತು.

ಇನ್ನೊಂದು ತೊಂದರೆ ಹುಲ್ಲು. ಮೇಯುವವರಿಲ್ಲದೆ ಒಳಗೆ ಎದೆಯುದ್ದ ಬಂತು, ಎಳೆ ಸಸಿ ಮುಚ್ಚಿತು. ಬೇಸಿಗೆಗೆ ಬೆಂಕಿ ಭಯ. ವರ್ಷಕ್ಕೆ ಎರಡು ಸಲ ಕೊಯ್ದು ಹಸುಗಳಿಗೆ ಹಾಕಿದೆ. ಕೂಲಿಯ ಅರ್ಧ ಅದರಲ್ಲೇ ಹುಟ್ಟಿತು.

ಬೇಲಿಯಿಂದ ನಾನು ಎಣಿಸದ ಲಾಭವೂ ಬಂತು. ಚೈನ್‌ಲಿಂಕ್ ಹೂಳಲು ತೋಡಿದ ಕಾಲುವೆ ಹಳೇ ಬೀಟೆ ಮರದ ಬೇರು ಕಡಿದುಕೊಂಡು ಹೋಗಿತ್ತು. ಮಳೆ ಬಿದ್ದ ಮೇಲೆ ಕಡಿದ ಬೇರಿಂದ ಸಾಲಾಗಿ ಮರಿಗಿಡ ಎದ್ದವು. 30ಕ್ಕೆ ಕಮ್ಮಿಯಿಲ್ಲ. ಬೀಟೆ ಬೀಜದಿಂದ ಮಾತ್ರವಲ್ಲ, ಬೇರಿಂದಲೂ ಹೀಗೆ ಮರಿ ಹಾಕುತ್ತದೆ. ಎಷ್ಟು ದೂರದಲ್ಲಿ, ಯಾವ ತಿಂಗಳಲ್ಲಿ ತೋಡಿದರೆ ಜಾಸ್ತಿ ಬರುತ್ತದೆ ಅನ್ನೋದನ್ನ ಆಮೇಲೆ ಕಂಡುಕೊಂಡೆ. ಅದೊಂದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೊಂಬೆ ಸೊಪ್ಪನ್ನೇ ಗೋಡೆ ಹಾಗೆ ಒಟ್ಟುವುದನ್ನೂ ಒಂದು ಬದಿಗೆ ಮಾಡಿ ನೋಡಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ತಮ್ಮ ಕಾಡಿನಲ್ಲಿ ಮರ ಕಡಿದ ಮೇಲೆ ಉಳಿದ ಕಸಕಡ್ಡಿಯನ್ನು 10 ಅಡಿ ಎತ್ತರ ಪೇರಿಸಿ ಜಿಂಕೆ ತಡೆಯುತ್ತಾರೆ. ನಮ್ಮಲ್ಲಿ ಗೆದ್ದಲು ಒಂದೂವರೆ ವರ್ಷಕ್ಕೆ ಅದನ್ನು ಮಣ್ಣು ಮಾಡಿತು.

2022ರಲ್ಲಿ ಹೊನ್ನೆ 12 ಅಡಿ, ದಿಂಡಿಗ 10, ತೇಗ 20ರ ಹತ್ತಿರ. ಹೊರಗೆ ಬೇಕೆಂದೇ ಬಿಟ್ಟಿದ್ದ ಹತ್ತು ಬುಡ ಇನ್ನೂ ಮೊಣಕಾಲೆತ್ತರ. ಕಡವೆ ಹಿಂಗಾಲ ಮೇಲೆ ನಿಂತರೂ ತುದಿ ಸಿಗಬಾರದು, ನನ್ನ ಲೆಕ್ಕ ಅಷ್ಟೇ. ಆಮೇಲೆ ಬೇಲಿ ಅಲ್ಲಿ ಸುಮ್ನೆ ನಿಂತು ತುಕ್ಕು ಹಿಡಿಯುವುದು ಯಾಕೆ? ಕಿತ್ತು ಪಕ್ಕದ ಎಕರೆ ಕಡಿಸಿ ಅಲ್ಲಿಗೆ ಹಾಕಿದೆ. ಹೊಸ ಕಂಬ, ಕೂಲಿ ಸೇರಿ 25 ಸಾವಿರ ಮುಗಿಯಿತು. ಬೇಲಿ ಕಿತ್ತ ಎಕರೆಯಲ್ಲಿ ಮೊದಲ ಚಳಿಗಾಲಕ್ಕೆ ಜಿಂಕೆಗಳು ಕೊಂಬು ಉಜ್ಜಿ ಹದಿನೈದು ಗಿಡ ಹೋದವು, ಎಲ್ಲ ಮಣಿಕಟ್ಟು ದಪ್ಪದವು. ಉಳಿದವಕ್ಕೆ ಮುಳ್ಳು ಕಟ್ಟಿದೆ. 400ರ ಮೇಲೆ ನಿಂತಿವೆ.

ಮುಂದಿನ ವರ್ಷ ಮೂರನೇ ಎಕರೆ. ಚೈನ್‌ಲಿಂಕಿನ ಬುಡ ನೂರಡಿಯಷ್ಟು ತುಕ್ಕು ಹಿಡಿದು ತಿಂದುಹೋಗಿದೆ, ಅಷ್ಟು ಹೊಸದು ತರಬೇಕು. ದೊಡ್ಡಪ್ಪ ಮೊನ್ನೆ ಬಂದು, ಕಿತ್ತ ಮೇಲೆ ಆ ಬೇಲಿ ಅವರ ಹೊಲಕ್ಕೆ ಬೇಕು ಅಂದಿದ್ದಾರೆ.