ಕೋಟೊರ್‌ಗೆ ಹೋಗುವವರಿಗೆ: ಒಂದು ರಾತ್ರಿ ಉಳಿಯಿರಿ

ಮಾಂಟೆನೆಗ್ರೊದ ಕೋಟೊರ್ ಊರನ್ನು ಹೆಚ್ಚಿನವರು ಕ್ರೊಯೇಷಿಯಾದ ಡುಬ್ರೊವ್ನಿಕ್‌ನಿಂದ ಬೆಳಗ್ಗೆ ಬಂದು ಸಂಜೆ ಮರಳುವಂತೆ ಯೋಜಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಿಹಾರನೌಕೆಗಳು ಕೋಟೆಗೋಡೆಯೊಳಗಿನ ಹಳೆಯ ಊರಿನ ಬಾಗಿಲಿನ ಎದುರಿಗೇ ಬಂದು ನಿಲ್ಲುವುದರಿಂದ ಹಗಲಿನಲ್ಲಿ ಆ ಕಿರಿದಾದ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಜನ ಮರಳಿದ ಮೇಲೆ ಊರು ನಿಮ್ಮದು. 1166ರಲ್ಲಿ ಪ್ರತಿಷ್ಠಾಪನೆಗೊಂಡ ಸಂತ ಟ್ರೈಫನ್ ಕೆಥೆಡ್ರಲ್‌ನ ಮುಂದಿನ ಚೌಕದಲ್ಲಿ ನಿಧಾನವಾಗಿ ಕುಳಿತುಕೊಳ್ಳಬಹುದು.

ಬೆಟ್ಟದ ಮೇಲಿನ ಕೋಟೆಗೆ ಸುಮಾರು 1,350 ಮೆಟ್ಟಿಲುಗಳಿವೆ. ಬೆಟ್ಟ ಊರಿನ ಪೂರ್ವಕ್ಕಿರುವುದರಿಂದ ಮುಂಜಾನೆ ದಾರಿಯುದ್ದಕ್ಕೂ ನೆರಳಿರುತ್ತದೆ. ಮಧ್ಯಾಹ್ನದ ಬಿಸಿಲು ನೇರ ಮೈಮೇಲೆ ಬೀಳುತ್ತದೆ. ಬೇಗ ಎದ್ದು ಹತ್ತಿ, ನೀರು ಒಯ್ಯಿರಿ. ಕಲ್ಲುಗಳು ಸವೆದು ನುಣುಪಾಗಿವೆ, ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ.

ಇನ್ನು ವೀಸಾ ವಿಚಾರ. ಇದನ್ನು ಭಾರತೀಯ ಪಾಸ್‌ಪೋರ್ಟ್ ಇರುವವರು ಗಮನವಿಟ್ಟು ಓದಬೇಕು. ಕ್ರೊಯೇಷಿಯಾ 2023ರಿಂದ ಷೆಂಗೆನ್ ವಲಯದಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಮಾಂಟೆನೆಗ್ರೊ ಇಲ್ಲ. ಗಡಿ ದಾಟಿದರೆ ಷೆಂಗೆನ್‌ನಿಂದ ಹೊರಹೋದಂತೆ. ನಿಮ್ಮದು ಏಕ ಪ್ರವೇಶದ ವೀಸಾ ಆಗಿದ್ದರೆ ಡುಬ್ರೊವ್ನಿಕ್‌ಗೆ ಮರಳಲಾಗುವುದಿಲ್ಲ. ಅರ್ಜಿ ಹಾಕುವಾಗಲೇ ಬಹು ಪ್ರವೇಶದ ವೀಸಾ ಕೇಳಿ. ಮಾಂಟೆನೆಗ್ರೊ ಪ್ರವೇಶದ ನಿಯಮಗಳನ್ನು ಹೊರಡುವ ಮೊದಲು ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ನೋಡಿಕೊಳ್ಳಿ. ಹಣದ ಚಿಂತೆ ಬೇಡ, ಅಲ್ಲಿಯೂ ಯೂರೊ ನಡೆಯುತ್ತದೆ.

ಸಮಯ ಉಳಿದರೆ ಬಸ್ಸಿನಲ್ಲಿ ಹತ್ತಿರದ ಪೆರಾಸ್ಟ್ ಊರಿಗೆ ಹೋಗಿ. ಶತಮಾನಗಳ ಕಾಲ ಕಲ್ಲು ಸುರಿದು, ಹಳೆಯ ಹಡಗುಗಳನ್ನು ಮುಳುಗಿಸಿ ಜನರೇ ಕಟ್ಟಿದ ದ್ವೀಪವೊಂದು ಅಲ್ಲಿದೆ. ಪ್ರತಿ ವರ್ಷ ಜುಲೈ 22ರಂದು ಊರಿನವರು ದೋಣಿಗಳಲ್ಲಿ ಹೋಗಿ ಇಂದಿಗೂ ಅದಕ್ಕೆ ಕಲ್ಲು ಹಾಕುತ್ತಾರೆ. ಆ ದಿನಕ್ಕೆ ಹೊಂದಿಸಿಕೊಳ್ಳಲು ಸಾಧ್ಯವಾದರೆ ಖಂಡಿತ ಹೊಂದಿಸಿಕೊಳ್ಳಿ.