ಬೇಸ್‌ಮೆಂಟಿನ ಪೂಲ್ ಟೇಬಲ್ಲಿಗೆ ಹೊಸ ರಬ್ಬರು ಹಾಕುವ ಮುಂಚೆ, ಹಾಕಿದ ಮೇಲೆ

ಓಹೈಯೋದ ಕೊಲಂಬಸ್‌ನಲ್ಲಿ ನಾವು ಮನೆ ಕೊಂಡಾಗ ಬೇಸ್‌ಮೆಂಟಿನಲ್ಲಿ ಎಂಟಡಿಯ ಪೂಲ್ ಟೇಬಲ್ ಇತ್ತು. ಮೂರು ತುಂಡು ಸ್ಲೇಟು ಕಲ್ಲು ಹೊತ್ತು ಮೆಟ್ಟಿಲು ಹತ್ತಿಸುವುದು ಬೇಡವೆಂದು ಹಿಂದಿನವರು ಮನೆಯ ಜೊತೆಗೇ ಬಿಟ್ಟು ಹೋಗಿದ್ದರು. ನಾಲ್ಕು ವರ್ಷ ಅದರ ಮೇಲೇ ಆಡಿ ನನ್ನ ಕೈ ಪಳಗಿತು. ದಾವಣಗೆರೆಯಿಂದ ಅಪ್ಪಾಜಿ ಬಂದರು. ಜೀವಮಾನವಿಡೀ ಕೇರಂ ಆಡಿದವರು. ಒಂದು ಚೆಂಡನ್ನು ಕೈಯಲ್ಲೇ ಉರುಳಿಸಿ ಅಂಚಿಗೆ ಬಡಿಸಿ, "ಇದ್ರಾಗೆ ಜೀವಾನೇ ಇಲ್ಲ ಕಣವ್ವಾ" ಅಂದರು. ಅಲ್ಲಿಂದ ಶುರುವಾಯಿತು, ಅಂಚಿನ ಒಳಬದಿಯಲ್ಲಿ ಚೆಂಡನ್ನು ವಾಪಸ್ ತಳ್ಳುವ ರಬ್ಬರು ಬದಲಿಸುವ ಈ ಕೆಲಸ.

ರಬ್ಬರು ತರಿಸುವ ಮೊದಲು ಟೇಬಲ್ಲಿನ ಕೆಳಗೆ ಮಲಗಿ ಬೋಲ್ಟು ನೋಡಿ. ಸುತ್ತಲಿನ ಆರು ರೇಲುಗಳೂ, ಅಂದರೆ ರಬ್ಬರು ಅಂಟಿಸಿದ ಅಂಚಿನ ಕಟ್ಟಿಗೆ ತುಂಡುಗಳೂ, ಬೋಲ್ಟಿನಿಂದ ಸ್ಲೇಟಿಗೆ ಕಚ್ಚಿಕೊಂಡಿರುತ್ತವೆ. ಅದು ಸಡಿಲವಾದರೆ ಎಂಥ ರಬ್ಬರೂ ಸತ್ತ ಹಾಗೇ, ಚೆಂಡಿನ ವೇಗವನ್ನು ಅಲುಗಾಡುವ ಕಟ್ಟಿಗೆ ನುಂಗಿಬಿಡುತ್ತದೆ. ನನ್ನ ಟೇಬಲ್ಲಿನ ಹದಿನೆಂಟು ಬೋಲ್ಟುಗಳಲ್ಲಿ ಐದು ಸಡಿಲಾಗಿದ್ದವು. ಪಾನಾ ಹಾಕಿ ಬಿಗಿ ಮಾಡಿದ ಮೇಲೆ ಒಂದು ಬದಿ ಸ್ವಲ್ಪ ಚೇತರಿಸಿಕೊಂಡಿತು. ಉಳಿದ ಕಡೆ ಹೆಬ್ಬೆರಳಿನಿಂದ ಒತ್ತಿದರೆ ರಬ್ಬರು ಕಲ್ಲಿನಂತೆ ಗಟ್ಟಿ. ಅದಕ್ಕೆ ಬದಲಾವಣೆಯೇ ಮದ್ದು.

ದಯವಿಟ್ಟು ಹಳೆಯ ಆಟವನ್ನು ಮೊದಲು ಅಳೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಆಮೇಲೆ ಏನು ಬದಲಾಯಿತು ಎಂದು ಹೇಳಲು ಬರುವುದಿಲ್ಲ. ನಾನು ದಪ್ಪ ರಟ್ಟನ್ನು ದೋಣಿಯಂತೆ ಮಡಚಿ, ನಾಲ್ಕು ಪುಸ್ತಕದ ಮೇಲೆ ಒರಗಿಸಿ ಇಳಿಜಾರು ಮಾಡಿಕೊಂಡೆ. ಪ್ರತಿ ಸಲ ಅದೇ ಗುರುತಿನಿಂದ ಚೆಂಡು ಬಿಟ್ಟರೆ ವೇಗ ಒಂದೇ ಇರುತ್ತದೆ. ಚೆಂಡು ಎದುರಿನ ಅಂಚಿಗೆ ಬಡಿದು ಎಲ್ಲಿಯವರೆಗೆ ವಾಪಸ್ ಬಂತೋ ಅಲ್ಲಿಗೆ ನೇರವಾಗಿ, ರೇಲಿನ ಕಟ್ಟಿಗೆ ಮೇಲೆ, ಅಮ್ಮ ಬಿಟ್ಟು ಹೋಗಿದ್ದ ಸ್ಟಿಕರ್ ಬೊಟ್ಟಿನ ಪ್ಯಾಕೆಟ್ಟಿನಿಂದ ಒಂದು ಬೊಟ್ಟು ಅಂಟಿಸಿದೆ. ಎರಡನೆಯ ಪರೀಕ್ಷೆ ಬ್ಯಾಂಕ್ ಶಾಟಿನದು: ಉದ್ದದ ಅಂಚಿಗೆ ಓರೆಯಾಗಿ ಬಡಿಸಿ, ಚೆಂಡು ಎದುರಿನ ಅಂಚನ್ನು ಎಲ್ಲಿ ಮುಟ್ಟುತ್ತದೆ ಎಂದು ನೋಡುವುದು. ಮೆಲ್ಲಗೆ ಹತ್ತು ಸಲ, ಜೋರಾಗಿ ಹತ್ತು ಸಲ.

ಇನ್ನು ರಬ್ಬರಿನ ಆಯ್ಕೆ. ನನಗೆ ಪೆಟ್ಟು ಬಿದ್ದದ್ದು ಇಲ್ಲೇ. "ಎಲ್ಲ ಟೇಬಲ್ಲಿಗೂ ಹೊಂದುತ್ತದೆ" ಎಂದಿದ್ದ ಮಾರಾಟಗಾರರೊಬ್ಬರನ್ನು ನಂಬಿ ತರಿಸಿದೆ. ಎಲ್ಲಕ್ಕೂ ಹೊಂದುವ ಕುಶನ್ (ಅಂಚಿನ ಈ ರಬ್ಬರು) ಇಲ್ಲ. ಅಮೆರಿಕದ ಮನೆ ಟೇಬಲ್ಲುಗಳಲ್ಲಿ ಹೆಚ್ಚಾಗಿ ಸಿಗುವುದು ಕೆ-66 ಎಂಬ ಆಕಾರ, ಕೆಲವಕ್ಕೆ ಕೆ-55. ರೇಲಿನ ಕಟ್ಟಿಗೆಯನ್ನು ಆಯಾ ಆಕಾರಕ್ಕೆ ತಕ್ಕ ಓರೆಯಲ್ಲೇ ಕೊಯ್ದಿರುತ್ತಾರೆ. ತಪ್ಪು ಆಕಾರ ಅಂಟಿಸಿದರೆ ಚೆಂಡಿಗೆ ತಾಗುವ ಏಣಿನ ಎತ್ತರವೇ ಕೆಡುತ್ತದೆ. ವಿಶ್ವ ಪೂಲ್ ಸಂಸ್ಥೆಯ ನಿಯಮದಲ್ಲಿ ಆ ಎತ್ತರ ಚೆಂಡಿನ ವ್ಯಾಸದ ಶೇ. 63.5, ಹೆಚ್ಚುಕಡಿಮೆ ಶೇ. 1 ನಡೆಯುತ್ತದೆ. ಚೆಂಡು 57.15 ಮಿ.ಮೀ. ಆದ್ದರಿಂದ ಏಣು ಸುಮಾರು 36.3 ಮಿ.ಮೀ. ಎತ್ತರದಲ್ಲಿ ಇರಬೇಕು. ನನ್ನದು ಮೊದಲ ಸಲ 34ಕ್ಕೆ ಕೂತಿತ್ತು. ಜೋರಾಗಿ ಹೊಡೆದರೆ ಚೆಂಡು ಅಂಚಿಗೆ ಬಡಿದು ಕುಪ್ಪಳಿಸುತ್ತಿತ್ತು. ಏಣು ಹೆಚ್ಚು ಎತ್ತರವಾದರೆ ತಿರುಗಮುರುಗ: ಚೆಂಡನ್ನು ಟೇಬಲ್ಲಿನ ಮೈಗೆ ಒತ್ತಿ ವೇಗ ಕೊಲ್ಲುತ್ತದೆ. ಆದ್ದರಿಂದ ಹಳೆ ರಬ್ಬರಿನ ತುಂಡೊಂದನ್ನು ಅಡ್ಡಕೊಯ್ದು, ಅದರ ಮುಖವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಹೊಸದನ್ನು ಅದರ ಮೇಲೆ ಇಟ್ಟು ನೋಡಿ. ಹಿಂದೆ ಯಾರಾದರೂ ತಪ್ಪು ರಬ್ಬರು ಹಾಕಿರಬಹುದು, ಅದಕ್ಕೆ ಎತ್ತರವನ್ನೂ ಅಳೆಯಿರಿ. ಕಟ್ಟಿಗೆ ಸಮೇತ ಇಡೀ ರೇಲನ್ನೇ ಕೊಳ್ಳುವ ಆಸೆ ಇದ್ದರೆ ಬೋಲ್ಟಿನ ತೂತುಗಳ ಅಂತರ ಮೊದಲು ನೋಡಿ, ಒಬ್ಬೊಬ್ಬ ತಯಾರಕರದು ಒಂದೊಂದು ಅಳತೆ.

ಅಂಟಿಸುವ ಕೆಲಸಕ್ಕೆ ತಾಳ್ಮೆ ಬೇಕು, ಅಷ್ಟೇ. ರೇಲು ಬಿಚ್ಚಿ ಯಾವುದು ಎಲ್ಲಿಯದು ಎಂದು ಕೆಳಮೈಗೆ ಬರೆದುಕೊಳ್ಳಿ. ಬಟ್ಟೆಯನ್ನು ರೇಲಿನ ತೋಡಿನಲ್ಲಿ ಹಿಡಿದಿರುವ ತೆಳು ಕಟ್ಟಿಗೆ ಪಟ್ಟಿಯನ್ನು ಎಬ್ಬಿಸಿ, ಹಳೆಯ ರಬ್ಬರು ಕಿತ್ತು, ಅಂಟೆಲ್ಲ ಕೆರೆದು ತೆಗೆಯಿರಿ. ಕಾಂಟ್ಯಾಕ್ಟ್ ಸಿಮೆಂಟ್ ಎಂಬ ಅಂಟನ್ನು ಎರಡೂ ಕಡೆ ಬಳಿದು, ಬೆರಳಿಗೆ ಹತ್ತದಷ್ಟು ಒಣಗಿಸಿ ಆಮೇಲೆ ಕೂಡಿಸಬೇಕು. ಕೂಡಿಸುವಾಗ ರಬ್ಬರನ್ನು ಎಳೆಯಬಾರದು. ಎಳೆದು ಅಂಟಿಸಿದ್ದು ಮುಂದೆ ಕುಗ್ಗಿ ತುದಿಯಲ್ಲಿ ಬಿಡುತ್ತದೆ. ಒಂದಿಷ್ಟು ಉದ್ದವೇ ಬಿಟ್ಟು, ಆಮೇಲೆ ಚೆಂಡು ಬೀಳುವ ಪಾಕೆಟ್ಟಿನ ಕೋನಕ್ಕೆ ಗರಗಸದಲ್ಲಿ ಕೊಯ್ಯಿರಿ. ಬಟ್ಟೆ ಎಳೆಯುವಾಗ ಉದ್ದಕ್ಕೂ ಒಂದೇ ಬಿಗಿ ಇರಲಿ. ಹೆಚ್ಚು ಎಳೆದರೆ ಏಣು ಅಮುಕಿಕೊಂಡು ಹೊಸ ರಬ್ಬರೂ ಮಂಕಾಗುತ್ತದೆ. ಆರೂ ರೇಲುಗಳನ್ನು ಒಟ್ಟಿಗೇ ಮಾಡಿ. ಒಂದೋ ಎರಡೋ ಬದಲಿಸಿ ಉಳಿಸಿದರೆ ಒಂದೊಂದು ಬದಿಗೆ ಒಂದೊಂದು ಲೆಕ್ಕ ನೆನಪಿಡಬೇಕು, ಅದು ಆಟವೇ ಅಲ್ಲ.

ಆಮೇಲೆ ಅದೇ ರಟ್ಟು, ಅದೇ ಪುಸ್ತಕ. ಮೊದಲು ಮಧ್ಯದ ಪಾಕೆಟ್ಟಿನವರೆಗೆ ಬಂದು ನಿಲ್ಲುತ್ತಿದ್ದ ಚೆಂಡು ಈಗ ಒಂದೂವರೆ ಡೈಮಂಡ್ ಮುಂದೆ ಬಂತು. ಡೈಮಂಡ್ ಅಂದರೆ ರೇಲಿನ ಮೇಲೆ ಸಮ ಅಂತರದಲ್ಲಿರುವ ಗುರುತು; ನಮ್ಮ ಟೇಬಲ್ಲಿನಲ್ಲಿ ಒಂದು ಡೈಮಂಡ್‌ಗೆ 11 ಇಂಚು. ವೇಗ ಹೆಚ್ಚುತ್ತದೆಂದು ಯಾರಾದರೂ ಊಹಿಸಬಹುದು. ನಾನು ಎಣಿಸದೆ ಇದ್ದದ್ದು ಕೋನದ ಬದಲಾವಣೆ. ಸತ್ತ ರಬ್ಬರು ಚೆಂಡನ್ನು ಎದುರಿಗೆ ತಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ, ಆದರೆ ಅಂಚಿನ ಉದ್ದಕ್ಕೆ ಚೆಂಡಿನ ಓಟ ಅಷ್ಟಾಗಿ ಕುಗ್ಗುವುದಿಲ್ಲ. ಹೀಗಾಗಿ ಚೆಂಡು ಅಗಲವಾಗಿ ಓಡುತ್ತದೆ. ಹೊಸ ರಬ್ಬರು ಬಲವಾಗಿ ತಳ್ಳುವುದರಿಂದ ಅದೇ ಬ್ಯಾಂಕ್ ಶಾಟು ಗುರಿಗಿಂತ ಈಚೆಗೇ ಬೀಳುತ್ತದೆ. ಜೋರಾಗಿ ಹೊಡೆದಷ್ಟೂ ರಬ್ಬರು ಒಳಗೆ ಅಮುಕಿ ಇನ್ನಷ್ಟು ಈಚೆ. ನಾಲ್ಕು ವರ್ಷ ಪಾಕೆಟ್ಟಿಗೆ ಹೋಗುತ್ತಿದ್ದ ನನ್ನ ಹೊಡೆತಗಳು ಮೊದಲ ವಾರ ಒಂದೂ ಹೋಗಲಿಲ್ಲ. ಅದು ಟೇಬಲ್ಲಿನ ದೋಷವಲ್ಲ. ಸತ್ತ ಅಂಚಿಗೆ ಒಗ್ಗಿಸಿಕೊಂಡಿದ್ದ ಗುರಿ ನನ್ನದು. ಮೆಲ್ಲನೆಯ ಹೊಡೆತದಿಂದ ಶುರು ಮಾಡಿ, ಬೊಟ್ಟು ಅಂಟಿಸುತ್ತಾ ಹೊಸ ಲೆಕ್ಕ ಕಟ್ಟಿಕೊಳ್ಳಿ.

ರೇಲಿನ ಹೊಸ ಬಟ್ಟೆ ಮೊದಮೊದಲು ಜಾರುತ್ತದೆ, ಪಕ್ಕಕ್ಕೆ ಕೊಟ್ಟ ಸ್ಪಿನ್ ಅಷ್ಟಾಗಿ ಕಚ್ಚುವುದಿಲ್ಲ. ಆದ್ದರಿಂದ ಮೊದಲ ವಾರದ ಬೊಟ್ಟುಗಳನ್ನು ಕೊನೆಯ ಮಾತೆಂದು ತಿಳಿಯಬೇಡಿ. ಪಾಕೆಟ್ಟಿನ ಬಾಯಿಗೆ ಅಂಟಿಸುವ ರಬ್ಬರು ತುಂಡುಗಳನ್ನೂ ಬದಲಿಸಿದ್ದರೆ ಬಾಯಿ ತುಸು ಕಿರಿದಾಗಬಹುದು. ಮೊದಲು ಅಂಚು ತಾಗಿಯೂ ಒಳಗೆ ಬೀಳುತ್ತಿದ್ದ ಚೆಂಡು ಈಗ ಬಾಯಲ್ಲೇ ಎರಡು ಸಲ ಒದ್ದಾಡಿ ಹೊರಗೆ ಬರುತ್ತದೆ.

ಮೂರು ವಾರ ಆಡಿದ ಮೇಲೆ ಹದಿನೆಂಟೂ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿದೆ, ಎರಡು ತುಸು ಸಡಿಲಾಗಿದ್ದವು. ಆವತ್ತು ರಾತ್ರಿ ವಿಡಿಯೋ ಕಾಲ್ ಹಚ್ಚಿ, ಫೋನನ್ನು ಟೇಬಲ್ಲಿನ ಮೂಲೆಗೆ ಒರಗಿಸಿ, ಕೈಯಲ್ಲೇ ಒಂದು ಚೆಂಡು ಉರುಳಿಸಿದೆ. ಅಪ್ಪಾಜಿ ನೋಡಲಿಲ್ಲ, ಫೋನನ್ನು ಕಿವಿಗೆ ಹಿಡಿದು ಶಬ್ದ ಕೇಳಿಸಿಕೊಂಡರು. "ಇನ್ನೊಂದ್ಸಲ ಬಿಡು" ಅಂದರು.